ಮುಷ್ಕರದ ಬ್ಯಾನರಿನ ಕೆಳಗೆ

ಕಳೆದ ವರ್ಷ ಹಳೆಯ ಸಹೋದ್ಯೋಗಿಯೊಬ್ಬಳ ಮೊಮ್ಮಗಳ ಮದುವೆಗೆಂದು ತಿರುವನಂತಪುರಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ಆಟೋದಲ್ಲಿ ಹೋಗುವಾಗ ದಾರಿಯಲ್ಲಿ ಸಿಗ್ನಲ್ ಬಿತ್ತು. ಆಗಷ್ಟೇ ಮಳೆ ನಿಂತಿತ್ತು. ಎಡಗಡೆಯಿಂದ ಒದ್ದೆ ಹುಲ್ಲು, ಕೊಳೆತ ಎಲೆ, ಹುರಿದ ಕಡಲೆಕಾಯಿ ಮೂರೂ ಸೇರಿದ ವಾಸನೆಯೊಂದು ಬಂತು. ಕಣ್ಣು ತಿರುಗಿಸುವ ಮೊದಲೇ ಮೂಗಿಗೆ ಗೊತ್ತಾಗಿತ್ತು, ಇದು ನಮ್ಮ ಪಾರ್ಕು ಅಂತ. ಮದುವೆ ಛತ್ರ ಇನ್ನೂ ದೂರವಿತ್ತು, ಆದರೂ ಇಳಿದುಬಿಟ್ಟೆ. ಮಂಡಿ ನೋವಿನ ಮುದುಕಿಯೊಬ್ಬಳು ಹೀಗೆ ನಡುರಸ್ತೆಯಲ್ಲಿ ಇಳಿದದ್ದು ಕಂಡು ಆಟೋದವನಿಗೆ ಗಾಬರಿಯಾಯಿತು.

ಪಾರ್ಕು ಅಂದರೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಮೂರು ರಸ್ತೆ ಸೇರುವ ಕಡೆ ಯಾವ ರಸ್ತೆಗೂ ಬೇಡವಾಗಿ ಉಳಿದುಹೋದ ತ್ರಿಕೋನ ನೆಲ. ಈಗ ಅಲ್ಲಿ ಬಣ್ಣದ ಟೈಲ್ಸ್ ಹಾಕಿ, ವ್ಯಾಯಾಮದ ಯಂತ್ರಗಳನ್ನು ನೆಟ್ಟಿದ್ದಾರೆ. ಆಗ ಇದ್ದದ್ದು ಸುತ್ತ ಕಬ್ಬಿಣದ ಕಟಕಟೆ, ಒಳಗೆ ಹುಲ್ಲು, ಕೆಲವು ಸಿಮೆಂಟಿನ ಬೆಂಚು, ನಡುವೆ ಭಾರಿ ಮಳೆಮರ. ಮೂಲೆಯಲ್ಲಿ ಕಂಬದ ಮೇಲೆ ಮುನಿಸಿಪಾಲಿಟಿಯ ರೇಡಿಯೋ. ಸಂಜೆ ಒಬ್ಬ ಬಂದು ಪೆಟ್ಟಿಗೆಯ ಬೀಗ ತೆಗೆದು ಅದನ್ನು ಹಾಕುತ್ತಿದ್ದ. ವಾರ್ತೆ ಮುಗಿದ ಕೂಡಲೇ ಬೆಂಚಿನ ಮೇಲಿದ್ದವರೆಲ್ಲ ಆ ವಾರ್ತೆಯ ಬಗ್ಗೆ ಜಗಳ ಶುರುಮಾಡುತ್ತಿದ್ದರು. ಪರಿಚಯವೇ ಇಲ್ಲದವರು ಅಷ್ಟು ಸಲಿಗೆಯಿಂದ ಜಗಳ ಆಡುವುದನ್ನು ನಾನು ಅಲ್ಲಿಯ ತನಕ ಎಲ್ಲೂ ನೋಡಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ಕರಾವಳಿ ಕಡೆ ಹುಟ್ಟಿದ ಬ್ಯಾಂಕೊಂದರಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿ, ಅವರು ನನ್ನನ್ನು ತಿರುವನಂತಪುರಕ್ಕೆ ಹಾಕಿದ್ದರು. ನಂಜನಗೂಡು, ಮೈಸೂರು ಬಿಟ್ಟರೆ ಬೇರೆ ಊರು ಕಾಣದ ಹುಡುಗಿ ನಾನು. ಅಪ್ಪ ತೀರಿಕೊಂಡು, ಅಣ್ಣ ಅತ್ತಿಗೆಯ ಮನೆಯಲ್ಲಿ ಅಮ್ಮ ಮತ್ತು ನಾನು ಸದ್ದಿಲ್ಲದೆ ಬದುಕುತ್ತಿದ್ದೆವು. ಅಲ್ಲಿ ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆದರೆ ಇವತ್ತು ಸಾರೋ ಹುಳಿಯೋ ಎಂದು ಕೂಡ ಯಾರೂ ನನ್ನನ್ನು ಕೇಳಿದ್ದಿಲ್ಲ.

ಇಲ್ಲಿ ಬಂದು ಕೌಂಟರಿನಲ್ಲಿ ಕೂತ ಮೊದಲ ದಿನವೇ ಬಿಳಿ ಮೀಸೆಯ ವಕೀಲರೊಬ್ಬರು ಚೆಕ್ ನೀಡಿ ನನ್ನನ್ನು ‘ಸಾರ್’ ಅಂದರು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಆ ಊರಿನಲ್ಲಿ ಕೆಲಸದ ಕುರ್ಚಿಯಲ್ಲಿ ಕೂತವರು ಹೆಂಗಸಾದರೂ ಸಾರ್ ಎಂದೇ ಕರೆಯುತ್ತಾರೆ. ಚೆಕ್ ಕೊಟ್ಟವರಿಗೆ ನಾನು ಹಿತ್ತಾಳೆಯ ಟೋಕನ್ ಕೊಡಬೇಕು, ಹಣ ತಯಾರಾದಾಗ ನಂಬರು ಕೂಗಬೇಕು. ಮಲಯಾಳದ ಎಣಿಕೆ ನನಗೆ ಬಂದದ್ದು ಹೀಗೆ ಕೂಗಿ ಕೂಗಿ. ಅಕ್ಷರ ಬಂದದ್ದು ಬಸ್ಸಿನ ಬೋರ್ಡುಗಳಿಂದ. ಬೈಗುಳ ಬಂದದ್ದು ಮಾತ್ರ ಪಾರ್ಕಿನ ಬೆಂಚುಗಳಿಂದ.

ಬ್ಯಾಂಕು ಬಿಟ್ಟ ಮೇಲೆ ಹಾಸ್ಟೆಲಿನ ಗೇಟು ಮುಚ್ಚುವ ತನಕ ನಾನು ಆ ಪಾರ್ಕಿನಲ್ಲಿ ಕೂರುತ್ತಿದ್ದೆ. ಕಡಲೆಕಾಯಿ ಪೊಟ್ಟಣ, ಪಕ್ಕದಲ್ಲಿ ಕೊಡೆ, ಕೈಚೀಲದಲ್ಲಿ ನನ್ನ ಡ್ರಾಯರಿನ ಬೀಗದ ಕೈ. ಹುಡುಗಿಯೊಬ್ಬಳು ಒಂಟಿಯಾಗಿ ಕೂತಿದ್ದಾಳೆಂದು ಮೊದಮೊದಲು ನೋಡುತ್ತಿದ್ದವರು ಆಮೇಲೆ ರೂಢಿಯಾಗಿ ಬಿಟ್ಟುಬಿಟ್ಟರು. ಆ ಸಂಜೆಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದರೆ, ಅಮ್ಮನಿಗೆ ಬರೆಯುವಾಗ ಅದನ್ನು ಮುಚ್ಚಿಟ್ಟು ಸೆಕೆ, ಸೊಳ್ಳೆ, ಕೊಬ್ಬರಿ ಎಣ್ಣೆಯ ಸಾರು ಎಂದು ದೂರು ಬರೆಯುತ್ತಿದ್ದೆ. ಸುಖ ಅಂತ ಬರೆದರೆ ಯಾರಾದರೂ ವಾಪಸು ಕರೆಸಿಕೊಳ್ಳುತ್ತಾರೆಂಬ ಹೆದರಿಕೆ.

ಆ ವರ್ಷ ಊರಿನಲ್ಲಿ ಮುಷ್ಕರಗಳೂ ಬಹಳ. ಸರಕಾರಿ ಕಚೇರಿಗಳ ಕಡೆ ಹೋಗುವ ರಸ್ತೆ ಆ ಪಾರ್ಕನ್ನು ಹಾದೇ ಹೋಗುತ್ತಿತ್ತು. ಹಾಗಾಗಿ ಮೆರವಣಿಗೆ ಹೊರಡುವುದು ಅಲ್ಲಿಂದಲೇ, ಸತ್ಯಾಗ್ರಹಕ್ಕೆ ಕೂರುವುದೂ ಅಲ್ಲೇ. ಒಂದು ವಾರ ಮೇಷ್ಟರುಗಳು, ಇನ್ನೊಂದು ವಾರ ಗೋಡಂಬಿ ಕಾರ್ಖಾನೆಯ ಹೆಂಗಸರು. ಹುಲ್ಲಿನ ಮೇಲೆ ಚಾಪೆಯೋ ಜಮಖಾನೆಯೋ ಬಿತ್ತೆಂದರೆ ಯಾರೋ ಏನೋ ಬೇಡಿಕೆ ಇಟ್ಟಿದ್ದಾರೆ ಎಂದೇ ಅರ್ಥ. ದಾರಿಹೋಕರು ನಿಂತು ‘ಏನು ವಿಷಯ’ ಎಂದು ವಿಚಾರಿಸಿ, ನ್ಯಾಯವೋ ಅನ್ಯಾಯವೋ ಎಂದು ತೀರ್ಪು ಹೇಳಿ ಮುಂದೆ ಹೋಗುತ್ತಿದ್ದರು.

ಓಣಂ ಕಳೆದು ತುಲಾವರ್ಷ ಎಂಬ ಹಿಂಗಾರು ಮಳೆ ಶುರುವಾಯಿತು. ಆ ಮಳೆಯ ಕ್ರಮವೇ ಬೇರೆ. ಬೆಳಗ್ಗೆ ಸುಡುವ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು, ಸಂಜೆಗೆ ಜಡಿಮಳೆ. ಅಂಥ ಒಂದು ಮಧ್ಯಾಹ್ನ ಬ್ಯಾಂಕಿಗೆ ಅಣ್ಣನ ಟ್ರಂಕ್ ಕಾಲ್ ಬಂತು. ಸಾವೋ ಏನೋ ಎಂದು ಓಡಿದೆ. ಸಾವಲ್ಲ, ಸಂಬಂಧ. ತುಮಕೂರಿನ ಕಡೆಯ ಹುಡುಗ, ಮುರಳೀಧರ ಅಂತ, ತುಂಬಾದಲ್ಲಿ ರಾಕೆಟ್ ಹಾರಿಸುವ ಕಡೆ ಇಂಜಿನಿಯರ್. ನೀನೂ ಅಲ್ಲೇ ಇದ್ದೀಯ, ಅವನೂ ಅಲ್ಲೇ ಇದ್ದಾನೆ, ಹುಡುಗನ ತಾಯಿ ಮತ್ತು ಸೋದರಮಾವ ಕನ್ಯಾಕುಮಾರಿಗೆ ಬರುತ್ತಿದ್ದಾರೆ, ಹಾಗೇ ನೋಡಿಕೊಂಡು ಹೋಗುತ್ತಾರೆ, ನಮಗೆ ಬರಲಾಗುವುದಿಲ್ಲ, ಎಂದು ಅಣ್ಣ ಒಂದೇ ಉಸಿರಿಗೆ ಹೇಳಿದ. ಕೊನೆಗೆ ಸೇರಿಸಿದ, “ಮದುವೆಯಾದ ಮೇಲೆ ಕೆಲಸ ಬಿಡಿಸ್ತೀವಿ ಅಂತ ಮಾತು ಕೊಟ್ಟಿದೀನಿ. ಅವರ ಮನೇಲಿ ಹೆಣ್ಣುಮಕ್ಕಳು ಕೌಂಟರಿನಲ್ಲಿ ಕೂರೋದು ಹಿಡಿಸಲ್ವಂತೆ. ಸೊಸೆ ತುಮಕೂರಿನಲ್ಲಿ ಅತ್ತೆ ಜೊತೆಗಿರಬೇಕು. ನೀನು ಏನೂ ಮಾತಾಡೋಕೆ ಹೋಗಬೇಡ.”

ನಾನು ಹೂಂ ಅಂದೆನೋ ಇಲ್ಲವೋ, ಲೈನು ಕಡಿಯಿತು. ಕುರ್ಚಿಗೆ ಬಂದು ಕೂತೆ. ಮುಂದಿನ ಟೋಕನ್ ನಂಬರನ್ನು ಕನ್ನಡದಲ್ಲಿ ಕೂಗಿಬಿಟ್ಟೆ.

ನಮ್ಮ ಶಾಖೆಯ ಅಕೌಂಟೆಂಟ್ ಶೇಷಗಿರಿ ರಾಯರು ಮತ್ತು ಅವರ ಹೆಂಡತಿ ಪದ್ದಕ್ಕ ಉಡುಪಿಯ ಕಡೆಯವರು. ಮಕ್ಕಳಿಲ್ಲದ ಆ ದಂಪತಿ ಊರಿಗೆ ಬಂದ ಕನ್ನಡದ ಹುಡುಗ ಹುಡುಗಿಯರನ್ನೆಲ್ಲ ತಮ್ಮ ಮನೆಯವರೆಂದೇ ತಿಳಿದುಕೊಂಡಿದ್ದರು. ಅಣ್ಣ ಅವರನ್ನೇ ಹೆಣ್ಣಿನ ಕಡೆಯ ಹಿರಿಯರಾಗಿ ನಿಲ್ಲಲು ಕೇಳಿಕೊಂಡ. ರಾಯರು ಖುಷಿಯಿಂದ ಒಪ್ಪಿದರು, ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲೇ ಎಂದಾಯಿತು. ಶುಕ್ರವಾರ ಬೆಳಗ್ಗೆ ಅವರ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದ ಮಾಲೀಕರ ತಾಯಿ ತೀರಿಕೊಂಡರು.

ಕೆಳಗೆ ಜನ ಅಳುತ್ತಿರುವಾಗ ಮೇಲೆ ಕೇಸರಿಬಾತು ಮಗುಚಿ, ಹುಡುಗಿಯನ್ನು ಕೂರಿಸಿ ಹಾಡಿಸುವುದು ಹೇಗೆ? ನನ್ನ ಹಾಸ್ಟೆಲಿಗೆ ಗಂಡಸರು ಬರುವಂತಿಲ್ಲ. ಹೋಟೆಲು ಅಂದರೆ ಸೋದರಮಾವನವರು ಶುಭಕಾರ್ಯಕ್ಕೆ ಆಗದು ಅಂದರು. ದೇವಸ್ಥಾನ ಅಂದರೆ ಗಂಡಸರು ಅಂಗಿ ಬಿಚ್ಚಿ ಪಂಚೆ ಉಡಬೇಕು, ಮಾವನವರು ಕೋಟು ಬಿಚ್ಚಲು ತಯಾರಿರಲಿಲ್ಲ.

“ಪಾರ್ಕಿನಲ್ಲಿ ಮಾಡುವ,” ಅಂದರು ರಾಯರು. “ಮೇಲೆ ಆಕಾಶ, ಕೆಳಗೆ ಜಮಖಾನೆ. ಯಾರ ಸೂತಕವೂ ಇಲ್ಲ ಅಲ್ಲಿ.”

“ದಾರಿಯಲ್ಲಿ ಹೋಗುವವರು ನೋಡುದಿಲ್ವಾ?” ಅಂದರು ಪದ್ದಕ್ಕ.

“ಹೆಣ್ಣು ನೋಡ್ಲಿಕ್ಕೇ ಅಲ್ವಾ ಇರುದು? ನೋಡ್ಲಿ.”

ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರು. ಅದರೊಳಗೆ ಎಲ್ಲ ಮುಗಿಯಬೇಕು. ಹೀಗಾಗಿ ಊಟದ ಹೊತ್ತು ಇಳಿಯುತ್ತಿದ್ದ ಹಾಗೆ ರಾಯರು ಕೆಂಪು ಪಟ್ಟೆಯ ಜಮಖಾನೆಯನ್ನು ಹೊತ್ತು, ಪದ್ದಕ್ಕ ಟಿಫಿನ್ ಕ್ಯಾರಿಯರು, ಕಾಫಿ ಫ್ಲಾಸ್ಕು ಹಿಡಿದು ಪಾರ್ಕಿಗೆ ಬಂದರು. ನಾನು ಅಮ್ಮನ ಹಸಿರು ರೇಷ್ಮೆ ಸೀರೆಯಲ್ಲಿ ಬೆವರುತ್ತ ನಿಂತಿದ್ದೆ. ಮಳೆಮರದ ಪಕ್ಕದ ಕಟಕಟೆಗೆ ಉದ್ದಕ್ಕೆ ಒಂದು ಬಟ್ಟೆ ಕಟ್ಟಿದ್ದರು. “ಒಳ್ಳೆದಾಯ್ತು, ರಸ್ತೆಯವರ ಕಣ್ಣಿಗೆ ಮರೆ,” ಎಂದು ಪದ್ದಕ್ಕ ಅದರ ಬುಡದಲ್ಲೇ ಜಮಖಾನೆ ಹಾಸಿಸಿದರು. ಬಟ್ಟೆಯ ಮೇಲೆ ಮೊಳದುದ್ದದ ಕೆಂಪು ಮಲಯಾಳ ಅಕ್ಷರಗಳಿದ್ದವು. ರಾಯರಿಗೂ ಪದ್ದಕ್ಕನಿಗೂ ಅದನ್ನು ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ‘ಬೇಡಿಕೆಗಳನ್ನು ಅಂಗೀಕರಿಸಿ, ಇಲ್ಲವಾದರೆ ಹೋರಾಟ’ ಎಂದಿತ್ತು. ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಟ್ಯಾಕ್ಸಿ ಬಂತು.

ಮೊದಲು ಇಳಿದವರು ಸೋದರಮಾವ, ಕರಿಕೋಟು, ಟೋಪಿ. ಹಿಂದೆ ಹುಡುಗನ ತಾಯಿ ಸೀತಮ್ಮ, ಸಣ್ಣ ಆಳು, ಕಾಫಿಪುಡಿ ಬಣ್ಣದ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಹುಡುಗನ ತಂದೆ ಬಂದಿರಲಿಲ್ಲ. ಇಂಥ ಮಾತುಕತೆಗಳನ್ನೆಲ್ಲ ಅವರು ಭಾವಮೈದುನನಿಗೇ ಬಿಟ್ಟಿದ್ದರಂತೆ. ಕೊನೆಗೆ ಮುರಳೀಧರ. ಅವನು ಜಮಖಾನೆಯನ್ನು ನೋಡಿದ, ಬ್ಯಾನರನ್ನು ಓದಿದ, ನಂತರ ನನ್ನನ್ನು ನೋಡಿದ. ನಾನೂ ಓದಿದ್ದೇನೆಂದು ನನ್ನ ಮುಖದಲ್ಲೇ ಕಂಡಿರಬೇಕು. ತುಟಿ ಕಚ್ಚಿಕೊಂಡು ನಗು ತಡೆದ. ನಾನು ತಲೆ ಬಗ್ಗಿಸಿದ್ದು ನಾಚಿಕೆಯಿಂದ ಎಂದು ಹಿರಿಯರು ತಿಳಿದರು. ನಿಜ ಹೇಳಬೇಕೆಂದರೆ ನನಗೂ ನಗು ತಡೆಯಲು ಆಗುತ್ತಿರಲಿಲ್ಲ. ಆ ಒಂದು ಗಳಿಗೆ, ಇವನಾದರೆ ಆದೀತು ಎಂದು ಮನಸ್ಸು ಹೇಳಿತು.

ಸುತ್ತ ಜನ ಸೇರತೊಡಗಿದರು. ಭಾನುವಾರವಾದ್ದರಿಂದ ಅವರಿಗೂ ಬಿಡುವು. ಬ್ಯಾನರು, ಜಮಖಾನೆ, ಗಂಭೀರ ಮುಖದ ಹಿರಿಯರು, ನಡುವೆ ತಲೆ ತಗ್ಗಿಸಿದ ಹುಡುಗಿ. ನೋಡಿದವರಿಗೆ ಬೇರೆ ಅನುಮಾನವೇ ಬರುವಂತಿರಲಿಲ್ಲ. ‘ಬ್ಯಾಂಕಿನ ಹುಡುಗಿ ಅಲ್ವಾ’ ಎಂದು ಗುರುತು ಹಿಡಿದವರೂ ಇದ್ದರು. ಸೋದರಮಾವನವರು ಹಾಡು ಕೇಳಿದರು. ನಾನು ಒಂದು ದೇವರನಾಮ ಹಾಡಿದೆ. ಸಾಲು ಮುಗಿದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಪಕ್ಕದವರು ಸೇರಿಕೊಂಡರು. ಪದ್ದಕ್ಕ ಟಿಫಿನ್ ಕ್ಯಾರಿಯರು ಬಿಚ್ಚಿ ತಟ್ಟೆಗೆ ಕೇಸರಿಬಾತು ಹಾಕಿದ್ದು ಕಂಡು ಮಾತ್ರ ಗುಂಪಿನಲ್ಲಿ ಗೊಂದಲವಾಯಿತು. ‘ಉಪವಾಸ ಅಲ್ವಂತೆ, ಬರೀ ಧರಣಿಯಂತೆ’ ಎಂದು ಒಬ್ಬ ಇನ್ನೊಬ್ಬನಿಗೆ ಮಲಯಾಳದಲ್ಲಿ ವಿವರಿಸಿದ.

“ಏನ್ರೀ ಇದು, ಈ ಊರಲ್ಲಿ ಹೆಣ್ಣು ನೋಡೋಕೆ ಇಷ್ಟು ಜನ ಬರ್ತಾರಾ?” ಎಂದರು ಸೋದರಮಾವ.

“ಒಳ್ಳೆ ಜನ,” ಅಂದರು ರಾಯರು. “ಎಲ್ಲದರಲ್ಲೂ ಆಸಕ್ತಿ.”

ಮಾವನವರು ತಟ್ಟೆ ಬದಿಗಿಟ್ಟು ವಿಷಯಕ್ಕೆ ಬಂದರು. “ನೋಡಿ ರಾಯರೇ, ಹುಡುಗಿ ಲಕ್ಷಣವಾಗಿದಾಳೆ. ಹಾಡೂ ಆಯ್ತು. ಒಂದು ಮಾತು ಮಾತ್ರ ಮೊದಲೇ ಇತ್ಯರ್ಥ ಆಗಿಬಿಡಲಿ. ಈ ಕೆಲಸ ಗಿಲಸ ಎಲ್ಲ ಬಿಡಬೇಕು. ತುಮಕೂರಿನಲ್ಲಿ ಮನೆ ನೋಡ್ಕೊಂಡು ಇರ್ಲಿ. ಇವನು ರಜಾದಲ್ಲಿ ಬಂದು ಹೋಗ್ತಾನೆ.”

“ಅವಳ ಅಣ್ಣ ಒಪ್ಪಿದ್ದಾರಂತಲ್ಲ,” ಎಂದು ರಾಯರು ನನ್ನ ಕಡೆ ನೋಡದೆ ಹೇಳಿದರು. ಪದ್ದಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದರು. ಮುರಳೀಧರ ಹುಲ್ಲಿನ ಒಂದು ಎಸಳು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಮೋಡ ಕಟ್ಟಿ ಬೆಳಕು ಕುಂದಿತ್ತು. ನನ್ನ ಕುರ್ಚಿ, ನನ್ನ ಡ್ರಾಯರು, ಟೋಕನ್ನುಗಳ ತಣ್ಣನೆಯ ಹಿತ್ತಾಳೆ, ಈ ಬೆಂಚು, ಎಲ್ಲ ಒಬ್ಬರಾದ ಮೇಲೊಬ್ಬರು ತಲೆಯಾಡಿಸುವಷ್ಟರಲ್ಲಿ ಹೋಗಿಬಿಡುವುದರಲ್ಲಿತ್ತು. ಬಾಯಿ ತೆರೆಯಬೇಕೆಂದುಕೊಂಡೆ, ಅಣ್ಣನ ಮಾತು ನೆನಪಾಗಿ ಸೆರಗು ಸರಿಮಾಡಿಕೊಂಡೆ.

ಆಗ ಗುಂಪನ್ನು ಬಿಡಿಸಿಕೊಂಡು ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು ಮುಂದೆ ಬಂದರು. ಆ ಬ್ಯಾನರು ಅವರ ಯೂನಿಯನ್ನಿನದು. ತಮ್ಮ ಜಾಗದಲ್ಲಿ ಬೇರೆ ಯಾರೋ ಧರಣಿ ಕೂತಿದ್ದಾರೆಂದು ಸುದ್ದಿ ತಲುಪಿ ಓಡಿ ಬಂದಿದ್ದರು. ಆದರೆ ನನ್ನ ಮುಖ ನೋಡಿದ ಮೇಲೆ ಅವರ ದನಿ ಮೆತ್ತಗಾಯಿತು. ಮಂಡಿಯೂರಿ ಕೂತು, ನನ್ನನ್ನೇ ಕೇಳಿದರು.

“ಎಂದಾ ಮೋಳೇ, ಎಂದಾಣ್ ಆವಶ್ಯಂ?”

ಏನು ಮಗಳೇ, ಏನು ನಿನ್ನ ಬೇಡಿಕೆ? ಹುಟ್ಟಿದಂದಿನಿಂದ ಆ ತನಕ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೌಂಟರಿನಲ್ಲಿ ಗಿರಾಕಿಗೆ ಉತ್ತರ ಕೊಡುವ ಹಾಗೆ ಬಾಯಿಂದ ತಾನಾಗಿ ಬಂತು.

“ಜೋಲಿ ವಿಡಿಲ್ಲ. ಅತ್ರೇ ಉಳ್ಳು.”

ಕೆಲಸ ಬಿಡುವುದಿಲ್ಲ, ಅಷ್ಟೇ. ಮುಂಡಿನ ಹಿರಿಯರು ತಲೆಯಾಡಿಸಿದರು. “ನ್ಯಾಯಂ,” ಅಂದರು. ಗುಂಪಿಗೂ ತಿರುಗಿ ಹೇಳಿದರು. ನ್ಯಾಯಂ, ನ್ಯಾಯಂ ಎಂದು ಅಲ್ಲಲ್ಲಿ ಕೇಳಿಸಿತು.

“ಏನಂತೆ? ಇವಳು ಏನಂದ್ಲು?” ಎಂದು ಸೋದರಮಾವ ಮುರಳೀಧರನ ಕಡೆ ತಿರುಗಿದರು. ಅವನಿಗೆ ಪ್ರತಿಯೊಂದು ಅಕ್ಷರವೂ ಅರ್ಥವಾಗಿತ್ತು. ಮೂರು ವರ್ಷದಿಂದ ಆ ಊರಿನಲ್ಲಿದ್ದವನು. ನಾನು ತಲೆಯೆತ್ತಿ ಅವನನ್ನೇ ನೋಡಿದೆ. ಅವನು ಆ ಮಾತನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದರೆ ಸಾಕಿತ್ತು. ನನ್ನ ಪರವಾಗಿ ವಾದಿಸುವುದೇನೂ ಬೇಕಿರಲಿಲ್ಲ.

“ಮಳೆ ಬರೋ ಹಾಗಿದೆ, ಬೇಗ ಮುಗಿಸಿ ಅಂತ ಅವರು ಹೇಳಿದ್ರು ಮಾವ,” ಅಂದ. “ಇವರು ಆಯ್ತು ಅಂದ್ರು.”

ಅವನದು ಕೆಟ್ಟತನವಲ್ಲ, ಇವತ್ತಿಗೂ ನಾನು ಹಾಗೆ ತಿಳಿದಿಲ್ಲ. ಜಗಳ ತಪ್ಪಿಸಿದೆ, ಹುಡುಗಿಯ ಮಾನ ಉಳಿಸಿದೆ ಎಂದುಕೊಂಡಿದ್ದ. ನನ್ನತ್ತ ನೋಡಿ ಸಮಾಧಾನ ಹೇಳುವ ಹಾಗೆ ನಕ್ಕ ಕೂಡ. ನಾನು ಅವನಿಂದ ಮುಖ ತಿರುಗಿಸಿ ಮಾವನವರನ್ನು ನೋಡಿದೆ. ಒಮ್ಮೆ ಹೊರಬಂದ ಮಾತು ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

“ಮಳೆ ವಿಷಯ ಅಲ್ಲ,” ಎಂದೆ ಕನ್ನಡದಲ್ಲಿ. “ನಾನು ಕೆಲಸ ಬಿಡಲ್ಲ ಅಂದೆ. ಅಣ್ಣ ನನ್ನನ್ನ ಕೇಳದೆ ಮಾತು ಕೊಟ್ಟಿದಾನೆ.”

ಸೋದರಮಾವನವರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. “ಏನ್ ರಾಯರೇ ಇದು?” ಅಂದರು. ರಾಯರು ಗಡಿಯಾರ ನೋಡಿಕೊಂಡರು, ಅದರಲ್ಲಿ ಉತ್ತರ ಇದ್ದ ಹಾಗೆ. ಪದ್ದಕ್ಕ ನನ್ನ ಪಕ್ಕಕ್ಕೆ ಸರಿದು ಕೂತರು. “ಅವಳು ಕೇಳಿದ್ದರಲ್ಲಿ ತಪ್ಪೆಂತ ಉಂಟು?” ಎಂದು ಜಮಖಾನೆಯ ಪಟ್ಟೆಯನ್ನು ನೋಡುತ್ತ ಅಂದರು. ಗಂಡನ ಎದುರು ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ಸೀತಮ್ಮ ಅಲ್ಲಿಯ ತನಕ ತುಟಿ ಬಿಚ್ಚಿರಲಿಲ್ಲ. ಈಗ ಮಗನ ಕಡೆ ತಿರುಗಿದರು. “ಮಳೆ ಅಂದ್ಯಲ್ಲೋ,” ಅಂದರು, ಅಷ್ಟೇ. ಚೀಲದಿಂದ ಕುಂಕುಮದ ಭರಣಿ, ಮಲ್ಲಿಗೆ ದಂಡೆ ತೆಗೆದುಕೊಂಡು ಎದ್ದು ಬಂದರು. ಹಣೆಗೆ ಇಟ್ಟು, ಹೂ ಮುಡಿಸಲು ನನ್ನ ಬೆನ್ನ ಹಿಂದೆ ಕೂತರು. ಹೆಣ್ಣು ಒಪ್ಪಿಗೆಯಾಯಿತೇನೋ ಎಂದು ರಾಯರ ಮುಖ ಅರಳಿತು.

ಜಡೆಗೆ ಹೂ ಸಿಕ್ಕಿಸುತ್ತ ಸೀತಮ್ಮ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು, “ನಮ್ಮನೆಗೆ ಬರಬೇಡ ಕಣಮ್ಮ. ಇವನು ಒಳ್ಳೆಯವನೇ, ನಾನು ಹೆತ್ತವಳು, ನನಗೆ ಗೊತ್ತಿಲ್ವೇ. ಇವರಪ್ಪನೂ ಒಳ್ಳೆಯವರೇ. ಏನು ಕೇಳಿದ್ರೂ ಹೀಗೇ ಮಳೆ ಬಿಸಿಲು ಅಂತ ಹೇಳಿ ಎದ್ದು ಹೋಗೋರು. ನಾನು ಅನ್ನಬೇಕಾದ್ದು ಎಲ್ಲಾ ಒಳಗೇ ಉಳೀತು. ನಿನಗೆ ಬಾಯಿ ಬಂದಿದೆ, ತುಮಕೂರಿಗೆ ತಂದು ಮುಚ್ಚಿಸಬೇಡ.”

ನನಗೆ ತಿರುಗಿ ಅವರ ಮುಖ ನೋಡಲೂ ಆಗಲಿಲ್ಲ, ಜಡೆ ಅವರ ಕೈಯಲ್ಲಿತ್ತು. ಹೂ ಮುಡಿಸಿ ಮುಗಿಸಿ, ಎದುರಿಗೆ ಬಂದು, ತೆಂಗಿನಕಾಯಿ, ರವಿಕೆ ಕಣ ಮಡಿಲಿಗೆ ಹಾಕಿದರು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ. “ತಗೋ, ಹೆಣ್ಣುಮಗಳಿಗೆ ಅಂತ ತಂದಿದ್ದು. ಸೊಸೆಗೆ ಅಂತಲ್ಲ,” ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಅಣ್ಣಯ್ಯ, ಏಳು, ರಾಹುಕಾಲ ಬರತ್ತೆ,” ಎಂದರು.

ಆಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಾತಕ ಕೂಡಲಿಲ್ಲ ಎಂದು ಅಣ್ಣನಿಗೆ ಸುದ್ದಿ ಹೋಯಿತು. ಅಣ್ಣ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದ, ಅಮ್ಮ ಮಾತ್ರ ಚಳಿಗಾಲಕ್ಕೆ ಬಂದು ನನ್ನ ಜೊತೆ ಇದ್ದು ಹೋದಳು. ತಡವಾಗಿ ನನಗೂ ಮದುವೆಯಾಯಿತು, ಕೊಚ್ಚಿಯ ಶಾಖೆಗೆ ವರ್ಗವಾದ ಮೇಲೆ, ಬೇರೊಂದು ಬ್ಯಾಂಕಿನವರ ಜೊತೆ. ಅವರು ಜಗಳವಾಡುತ್ತಾರೆ, ಆದರೆ ಎದ್ದು ಹೋಗುವುದಿಲ್ಲ. ನಿವೃತ್ತಿಯಾಗುವ ದಿನದವರೆಗೂ ಕೆಲಸ ಮಾಡಿದೆ. ಸೀತಮ್ಮನವರನ್ನು ಮತ್ತೆ ನೋಡಲೇ ಇಲ್ಲ. ನೋಡಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಆ ಭಾನುವಾರ ಟ್ಯಾಕ್ಸಿ ಹೊರಟ ಸ್ವಲ್ಪ ಹೊತ್ತಿಗೆ ಹನಿ ಬೀಳತೊಡಗಿತು. ಜನ ಚದುರಿದರು. ರಾಯರು ಜಮಖಾನೆ ಸುತ್ತುತ್ತ, ಪದ್ದಕ್ಕ ಪಾತ್ರೆ ಒಟ್ಟು ಮಾಡುತ್ತ ಗಡಿಬಿಡಿ ಮಾಡುತ್ತಿದ್ದರು. ನಾನು ಮಡಿಲಿನ ತೆಂಗಿನಕಾಯಿ ಹಿಡಿದು ಮರದ ಕೆಳಗೆ ನಿಂತಿದ್ದೆ. ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಮುರಳೀಧರ ತಿರುಗಿ ನೋಡಿದ್ದನ್ನು ಕಂಡಿದ್ದೆ. ಆ ಮುಂಡಿನ ಹಿರಿಯರು ಒದ್ದೆಯಾಗಬಾರದೆಂದು ತಮ್ಮ ಬ್ಯಾನರನ್ನು ಬಿಚ್ಚಿ ಮಡಿಸುತ್ತಿದ್ದರು. ಮುಗಿಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದರು.

“ಜಯಿಚ್ಚೋ ಮೋಳೇ?” ಎಂದು ಕೇಳಿದರು. ಗೆದ್ದೆಯಾ ಮಗಳೇ?

“ಜಯಿಚ್ಚು,” ಎಂದೆ. ಹುಡುಗ ನನಗೆ ತುಂಬ ಇಷ್ಟವಾಗಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ.